ಮೊದಲ ದಿನಾನೇ ಗಂಡನಿಗೂ ಟೆಸ್ಟ್ ಬರ್ಕೊಡಿ

ಸಂಪಾದಕರಿಗೆ ನಮಸ್ಕಾರ,

ಮಗು ಬೇಕು ಅಂತ ಪ್ರಯತ್ನ ಮಾಡ್ತಿರೋರಿಗೆ ಎಲ್ರೂ ಹೇಳೋದು ಒಂದೇ, ಇನ್ನೂ ಸ್ವಲ್ಪ ದಿನ ನೋಡಿ, ಟೆನ್ಷನ್ ಮಾಡ್ಕೋಬೇಡಿ ಅಂತ. ಒಂದು ವರ್ಷ ನೋಡಿ ಅಂತ ಡಾಕ್ಟರೂ ಹೇಳ್ತಾರೆ, ಅದು ಸರೀನೇ, ಹೆಚ್ಚಿನವರಿಗೆ ಅಷ್ಟರೊಳಗೆ ತಾನಾಗೇ ಗರ್ಭ ನಿಲ್ಲುತ್ತೆ. ಆದ್ರೆ ಹೆಂಗಸಿಗೆ 35 ಆಗಿದ್ರೆ 6 ತಿಂಗಳಿಗಿಂತ ಹೆಚ್ಚು ಕಾಯ್ಬಾರದು, 40 ದಾಟಿದ್ರೆ ಕಾಯೋ ಮಾತೇ ಇಲ್ಲ. ಪೀರಿಯಡ್ಸ್ ಎರಡು ಮೂರು ತಿಂಗಳಿಗೊಮ್ಮೆ ಬರ್ತಿದ್ರೆ, ಗರ್ಭಕೋಶದ ಒಳಪದರದಂಥ ಪೊರೆ ಹೊರಗೆಲ್ಲಾ ಬೆಳೆಯೋ ಎಂಡೊಮೆಟ್ರಿಯೋಸಿಸ್ ಇದ್ರೆ, ಇಬ್ಬರಲ್ಲಿ ಯಾರಿಗಾದ್ರೂ ಕೀಮೋ ಆಗಿದ್ರೆ ಅಥವಾ ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗಿಳೀದೆ ಆಪರೇಷನ್ ಮಾಡಿದ್ರೆ, ವಯಸ್ಸು ಎಷ್ಟೇ ಇರ್ಲಿ ಶುರುವಿನಲ್ಲೇ ತೋರಿಸ್ಕೋಬೇಕು.

ನಾನು ಮುಖ್ಯವಾಗಿ ಹೇಳ್ಬೇಕಿರೋದು ಬೇರೆ. ಟೆಸ್ಟ್ ಅಂದ ತಕ್ಷಣ ಹೆಂಡತಿ ಒಬ್ಬಳೇ ಓಡಾಡ್ತಾಳೆ, ಥೈರಾಯ್ಡ್ ಆಯ್ತು, ಪ್ರೊಲ್ಯಾಕ್ಟಿನ್ ಆಯ್ತು, ಸ್ಕ್ಯಾನಿಂಗ್ ಆಯ್ತು, ಗರ್ಭನಾಳ ಬ್ಲಾಕ್ ಆಗಿದೆಯಾ ನೋಡೋಕೆ ಡೈ ಬಿಟ್ಟು ಎಕ್ಸ್‌ರೇ ತೆಗೀತಾರಲ್ಲ ಆ ಎಚ್‌ಎಸ್‌ಜಿನೂ ಹಲ್ಲು ಕಚ್ಕೊಂಡು ನೋವು ತಡ್ಕೊಂಡು ಮಾಡಿಸ್ಕೊಂಡಾಯ್ತು, ಇಷ್ಟೆಲ್ಲಾ ಆದ್ಮೇಲೆ ಯಾರೋ ಕೇಳ್ತಾರೆ, ನಿಮ್ಮ ಯಜಮಾನರದ್ದು ರಿಪೋರ್ಟ್ ಎಲ್ಲಮ್ಮಾ ಅಂತ! ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣಾನೂ ಇರುತ್ತೆ, ಕೆಲವು ಸಲ ಅದೊಂದೇ ಇರುತ್ತೆ. ವೀರ್ಯ ಪರೀಕ್ಷೆ ಅಂದ್ರೆ ಸೆಮೆನ್ ಟೆಸ್ಟ್‌ಗೆ ಸೂಜಿ ಇಲ್ಲ, ನೋವಿಲ್ಲ, 2ರಿಂದ 7 ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಸ್ಯಾಂಪಲ್ ಕೊಟ್ರೆ ಮುಗೀತು. ಇಷ್ಟು ಸುಲಭದ್ದನ್ನ ಕೊನೆಗಿಡೋದು ಯಾವ ನ್ಯಾಯ?

ಗಂಡಸರಿಗೂ ಒಂದು ಮಾತು, ಒಂದು ರಿಪೋರ್ಟ್ ಸರಿಯಿಲ್ಲ ಅಂದ್ರೆ ಎಲ್ಲಾ ಮುಗೀತು ಅಂತಲ್ಲ. ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ಹಿಂದಿನ ತಿಂಗಳು ಜೋರು ಜ್ವರ ಬಂದಿದ್ರೂ ಇವತ್ತಿನ ಕೌಂಟ್ ಇಳಿದಿರಬಹುದು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡ್ತಾರೆ. ಜಿಮ್‌ನಲ್ಲಿ ಮೈ ಕಟ್ಟೋಕೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ತಿದ್ರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅದು ವೀರ್ಯಾಣು ತಯಾರಾಗೋದನ್ನೇ ನಿಲ್ಲಿಸಿಬಿಡಬಹುದು, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ.

ಬೇಗ ಟೆಸ್ಟ್ ಅಂದ್ರೆ ಸಿಕ್ಕಿದ್ದೆಲ್ಲಾ ಮಾಡಿಸೋದೂ ಅಲ್ಲ. ರಕ್ತದಲ್ಲಿ ನೋಡೋ ಎಎಂಎಚ್ ಅನ್ನೋ ಹಾರ್ಮೋನ್ ಕಮ್ಮಿ ಬಂತು ಅಂತ ಎಷ್ಟೋ ಹೆಣ್ಮಕ್ಕಳು ರಾತ್ರಿಯೆಲ್ಲಾ ಅಳ್ತಾರೆ, ಅದು ಉಳಿದಿರೋ ಅಂಡಾಣು ಎಷ್ಟಿರಬಹುದು ಅನ್ನೋ ಅಂದಾಜು ಅಷ್ಟೇ, ತಾನಾಗೇ ಗರ್ಭ ನಿಲ್ಲುತ್ತೋ ಇಲ್ವೋ ಅಂತ ಅದು ಹೇಳಲ್ಲ. ಈ ರಿಪೋರ್ಟ್ ಬಂದ್ರೆ ನಮ್ಮ ಟ್ರೀಟ್‌ಮೆಂಟ್ ಏನಾದ್ರೂ ಬದಲಾಗುತ್ತಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಡಾಕ್ಟರುಗಳಲ್ಲಿ ನನ್ನ ವಿನಂತಿ, ಹೆಂಡತಿ ಒಬ್ಬಳೇ ಬಂದ್ರೂ ಮೊದಲ ದಿನಾನೇ ಗಂಡನ ಹೆಸರಲ್ಲೂ ಒಂದು ಚೀಟಿ ಬರೆದು ಕೈಗೆ ಕೊಡಿ. ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲೂ ಬಂಜೆತನದ ಲೇಖನ ಬಂದಾಗ ಹೆಂಗಸಿನ ಫೋಟೋ ಒಂದನ್ನೇ ಹಾಕ್ಬೇಡಿ, ಇಬ್ಬರದ್ದೂ ಇರ್ಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು