ಒಂದು ಮಾತು ತಿದ್ದು ಗೆಳೆಯಾ: 'ನಕಲಿ' ಅಲ್ಲ, 'ಕಳಪೆ'

ಪ್ರೀತಿಯ ಗೆಳೆಯಾ,

ನಾವು ಅಂಗಡಿಯಿಂದ ತಂದ ತೊಗರಿ ಬೀಜ ಸರಿಯಾಗಿ ಹುಟ್ಟಲಿಲ್ಲ ಅಂತ ನೀನು ಬೆಂಗಳೂರಿನಿಂದ ಬರೆದು ಕಳಿಸಿದ ದೂರಿನ ಅರ್ಜಿ ಮುಟ್ಟಿತು. ಅಣ್ಣನಿಗೂ ಓದಿ ಹೇಳಿದೆ. ಒಂದು ಮಾತು ಬಿಟ್ಟರೆ ಎಲ್ಲ ಸರಿ ಇದೆ. 'ನಕಲಿ ಬೀಜ' ಅಂತ ಬರೆದಿದ್ದೀಯಲ್ಲ, ಅಲ್ಲಿ 'ಕಳಪೆ ಬೀಜ' ಅಂತ ಹಾಕು.

ಎರಡೂ ಒಂದೇ ಅಲ್ವಾ ಅಂತ ಕೇಳಬಹುದು. ಅಲ್ಲಪ್ಪಾ. ಒಬ್ಬರ ಹೆಸರಿನ ಚೀಲದಲ್ಲಿ ಇನ್ನೊಬ್ಬರ ಕಾಳು ತುಂಬಿ ಮಾರಿದರೆ ಅದು ನಕಲಿ. ನಮ್ಮದು ಹಾಗಲ್ಲ. ಚೀಲ ಅಸಲಿ. ಹುಟ್ಟಿದ ಗಿಡ ನೋಡಿದರೆ ತಳಿಯೂ ಅದೇ. ಚೀಟಿಯ ಮೇಲೆ ಕನಿಷ್ಠ ಮೊಳಕೆ ಶೇ 75 ಅಂತ ಅಚ್ಚು ಹಾಕಿದ್ದಾರೆ. ತೊಗರಿಗೆ ಸರ್ಕಾರ ಇಟ್ಟ ಮಟ್ಟವೂ ಅಷ್ಟೇ. ಲಿಂಗಸುಗೂರಿನ ನಮ್ಮ ಎರೆ ಹೊಲದಲ್ಲಿ ಸಾಲಿಗೆ ಸಾಲೇ ಖಾಲಿ ಕಂಡ ಮೇಲೆ, ಉಳಿದ ಕಾಳಿನಲ್ಲಿ ನೂರು ಎಣಿಸಿ ಅಣ್ಣ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ. ಆರನೇ ದಿನ ಬಿಚ್ಚಿದ. ಮೊಳಕೆ ಒಡೆದದ್ದು 48.

ಕಳಪೆ ಅನ್ನಬೇಕಾದರೆ ಅದರ ಹಿಂದೆ ಒಂದು ಅಳತೆ ಇರಬೇಕು. ಇಲ್ಲಿ 75 ಅಂದರು, 48 ಕೊಟ್ಟರು. ಚೀಟಿಯ ಮೇಲಿನ ಮಾತು ನಿಜವಾಗಿರಬೇಕು ಅಂತ 1966ರ ಬೀಜ ಕಾಯ್ದೆಯೇ ಹೇಳುತ್ತದೆ. ನಾವು ನಕಲಿ ಅಂತ ಬರೆದರೆ ಅಂಗಡಿಯವರು ಬಿಲ್ಲು ತೋರಿಸಿ ಪಾರಾಗುತ್ತಾರೆ. ಕಳಪೆ ಅಂದರೆ ಆ 48ಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅವ್ವ ಇದನ್ನು ಜೊಳ್ಳು ಅನ್ನುತ್ತಾಳೆ. ಜೊಳ್ಳಾಗಿದ್ದರೆ ಮೊರದಲ್ಲಿ ಕೇರಿದಾಗಲೇ ಹಾರಿ ಹೋಗುತ್ತಿತ್ತು. ಈ ಕಾಳು ದುಂಡಗೆ, ತೂಕವಾಗಿ, ಒಳ್ಳೆಯದರ ನಡುವೆಯೇ ಕೂತಿತ್ತು. ಮಣ್ಣಿಗೆ ಬಿದ್ದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹದ ಹೋಗಿತ್ತು.

ಇನ್ನೊಂದು ಹೇಳದೆ ಇರಲಾರೆ. ಮೊನ್ನೆ ಒಂದು ಶಾಲೆಯ ಸಭೆಯಲ್ಲಿ ಮಾಸ್ತರರೊಬ್ಬರು 'ಈ ವರ್ಷ ಬಂದವರೆಲ್ಲ ಕಳಪೆ ಹುಡುಗರು' ಅಂದರು. ಮಕ್ಕಳು ಅಲ್ಲೇ ಮುಂದೆ ಕೂತಿದ್ದರು. ಫಲಿತಾಂಶ ಕಳಪೆ ಅನ್ನಲಿ, ಅಂಕಕ್ಕೆ ಒಂದು ಅಳತೆ ಇದೆ. ಕಾಮಗಾರಿ, ಗೊಬ್ಬರ, ಬೇಕಾದರೆ ಕ್ರಿಕೆಟ್ ಆಟವೂ ಕಳಪೆ ಆಗುತ್ತದೆ. ಮಕ್ಕಳನ್ನು ಯಾವ ಚೀಟಿ ನೋಡಿ ಕಳಪೆ ಅಂದರು? ಎದ್ದು ನಿಂತು ಕೇಳಿದೆ. ಯಾರೂ ಮಾತಾಡಲಿಲ್ಲ.

ಸೋಮವಾರ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೇವೆ. ಅಷ್ಟರೊಳಗೆ ತಿದ್ದಿ ಕಳಿಸು. ಚೀಟಿ, ಬಿಲ್ಲು, ಗೋಣಿಯ ಫೋಟೊ ಕಳಿಸಿದ್ದೇನೆ. 48 ಅನ್ನೋದನ್ನು ಮರೆಯದೆ ಸೇರಿಸು. ಅಧಿಕಾರಿಗಳು ಕೇಳಿದರೆ ಇರಲಿ ಅಂತ ಅಣ್ಣ ಇನ್ನೂ ಎರಡು ಹಿಡಿ ಕಾಳನ್ನು ಅದೇ ಚೀಲದಲ್ಲಿ ಕಟ್ಟಿಟ್ಟಿದ್ದಾನೆ.

ನಿನ್ನ ಗೆಳೆಯ