ಎಸ್ಟೇಟಿನಲ್ಲಿ ಯಾವ ಬೆಳೆ ಎಂದು ಕೇಳಿದ ಅಜ್ಜಿಗೆ

ಲೀಡ್ಸ್, ಇಂಗ್ಲೆಂಡ್
ಜನವರಿ 18

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ರೊಬಸ್ಟಾ ಕೊಯ್ಲು ಅರ್ಧ ಮುಗಿದು ಕಾಫಿ ಕಣಕ್ಕೆ ಬಿದ್ದಿದೆ ಎಂದು ಓದಿ ಸಮಾಧಾನವಾಯಿತು. ನನ್ನ ಹೊಸ ವಿಳಾಸದಲ್ಲಿ ‘ಎಸ್ಟೇಟ್’ ಎಂಬ ಪದವನ್ನು ಕೇಳಿ ಅಜ್ಜಿ, ಅಲ್ಲಿ ಯಾವ ಬೆಳೆ, ನೆರಳಿಗೆ ಯಾವ ಮರ ಎಂದು ವಿಚಾರಿಸಿದ್ದಾರೆ. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿಯ ಮಸ್ಟರ್ ಬರೆದ ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಏಳುವುದು ಸಹಜವೇ. ಇಲ್ಲಿ ಬೆಳೆಯೂ ಇಲ್ಲ, ನೆರಳಿನ ಮರವೂ ಇಲ್ಲ. ಊರಿನ ಕೌನ್ಸಿಲ್ ಬಾಡಿಗೆಗೆಂದು ಕಟ್ಟಿಸಿದ, ಒಂದೇ ಅಚ್ಚಿನ ಇಟ್ಟಿಗೆ ಮನೆಗಳ ಸಾಲುಗಳಿವೆ, ಅಷ್ಟೆ. ಇಂಥ ಬಡಾವಣೆಯನ್ನೂ ಇವರು ಎಸ್ಟೇಟ್ ಎನ್ನುತ್ತಾರೆ. ಲಂಡನ್ನಿನ ಪೂರ್ವ ಭಾಗದಲ್ಲಿ ಕೊಳೆಗೇರಿಯನ್ನು ಕೆಡವಿ ಕಟ್ಟಿದ ಬೌಂಡರಿ ಎಸ್ಟೇಟ್ 1900ರಲ್ಲಿ ಉದ್ಘಾಟನೆಯಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ವಸತಿ ಕಾಯ್ದೆಯ ಬಲದಿಂದ, ಇವು ದೇಶದ ತುಂಬ ಎದ್ದವು. ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ‘ಎಸ್ಟೇಟಿನವರು’ ಎಂದರೆ ಜನ ದಾರಿ ಬಿಡುತ್ತಾರೆ. ಇಲ್ಲಿ ಅದೇ ಮಾತನ್ನು ಕೆಲವರು ತುಟಿ ಕೊಂಕಿಸಿ ಆಡುತ್ತಾರೆ. ಅದನ್ನು ಕೇಳಿ ನನಗೆ ನೋವಾಯಿತು, ಮತ್ತು ಆ ನೋವಿನಿಂದಲೇ ಈ ಪದದ ಹಿಂದೆ ಬಿದ್ದೆ.

ಇದರ ಬೇರು ಲ್ಯಾಟಿನ್ನಿನ ‘ಸ್ಟೇಟಸ್’. ಅಂದರೆ ನಿಂತಿರುವ ಬಗೆ, ಸ್ಥಿತಿ. ಹಳೆಯ ಫ್ರೆಂಚರಿಗೆ ಪದದ ಮೊದಲಲ್ಲೇ ‘ಸ್ಟ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ, ಅಜ್ಜಿ ಸ್ಕೂಲಿಗೆ ಇಸ್ಕೂಲು ಎನ್ನುವ ಹಾಗೆಯೇ, ಅವರು ಮುಂದೊಂದು ಸ್ವರ ಸೇರಿಸಿ ‘ಎಸ್ಟಾಟ್’ ಎಂದರು. ಅದು ಇಂಗ್ಲಿಷಿಗೆ ಬಂದು ಎಸ್ಟೇಟ್ ಆಯಿತು. ಮುಂದಿನ ಸ್ವರ ಕಳಚಿಕೊಂಡದ್ದು ಸ್ಟೇಟ್ ಆಯಿತು. ಒಬ್ಬನ ಸ್ಥಿತಿಯನ್ನು ಹೇಳುವ ಪದ ಅವನ ಆಸ್ತಿಯನ್ನು ಹೇಳುವ ಪದವಾದದ್ದು ಹೇಗೆ ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಉತ್ತರ ನಮ್ಮ ಮಾತಿನಲ್ಲೇ ಇತ್ತು, ಅಪ್ಪ: ಹಣವಂತರನ್ನು ನಾವು ‘ಸ್ಥಿತಿವಂತರು’ ಎನ್ನುವುದಿಲ್ಲವೇ? ಲ್ಯಾಟಿನ್ನಿನಲ್ಲಿ ನಿಲ್ಲುವುದನ್ನು ಹೇಳುವ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಮೂಲದವು. ಆದ್ದರಿಂದ ರಿಯಲ್ ಎಸ್ಟೇಟಿನ ‘ಎಸ್ಟೇಟ್’ ಮತ್ತು ನಮ್ಮ ಸ್ಥಿರಾಸ್ತಿಯ ‘ಸ್ಥಿರ’ ದೂರದ ದಾಯಾದಿಗಳು. (ಅಲ್ಲಿನ ‘ರಿಯಲ್’ಗೂ ರಾಜರಿಗೂ ಸಂಬಂಧವಿಲ್ಲ, ಅದು ‘ವಸ್ತು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು.)

ನಿಮಗೆ ಹೆಚ್ಚು ಹಿಡಿಸುವುದು ಕಾನೂನಿನ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಂದಿನಿಂದ ಇಲ್ಲಿನ ನೆಲವೆಲ್ಲ ಮೂಲತಃ ರಾಜನದೇ ಎಂಬುದು ನ್ಯಾಯಶಾಸ್ತ್ರದ ನಂಬಿಕೆ. ಪ್ರಜೆಯ ಕೈಯಲ್ಲಿರುವುದು ಮಣ್ಣಲ್ಲ, ಆ ಮಣ್ಣಿನ ಮೇಲೆ ಇಂತಿಷ್ಟು ಕಾಲದ ಹಕ್ಕು. ಆ ಹಕ್ಕಿನ ಹೆಸರೇ ಎಸ್ಟೇಟ್. ಜೀವ ಇರುವವರೆಗಿನದು ಒಂದು, ಸಂತತಿ ಇರುವವರೆಗಿನದು ಇನ್ನೊಂದು, ಹೀಗೆ ಹಲವು ಬಗೆಗಳಿದ್ದು, 1925ರ ಕಾಯ್ದೆ ಅವುಗಳಲ್ಲಿ ಎರಡಕ್ಕೆ ಮಾತ್ರ ಪೂರ್ಣ ಕಾನೂನಿನ ಮಾನ್ಯತೆ ಉಳಿಸಿತು: ಕೊನೆಯಿಲ್ಲದ ಒಡೆತನ ಮತ್ತು ಅವಧಿಯ ಗುತ್ತಿಗೆ. ಇದನ್ನು ಓದುವಾಗ ನನಗೆ ಕಣ್ಣೆದುರು ಬಂದದ್ದು ನಮ್ಮ ಜಮ್ಮಾ ಬಾಣೆ. ಗದ್ದೆ, ಬಾಣೆ ಎಂಬ ಮಾತುಗಳು ನೆಲವನ್ನು ಹೇಳುತ್ತವೆ. ಸೊಪ್ಪು, ಸೌದೆ, ಮೇವಿಗೆಂದು ಗದ್ದೆಗೆ ಅಂಟಿ ಬಂದ ಕಾಡು ಬಾಣೆ. ವಂಶಪಾರಂಪರ್ಯದ ಜಮ್ಮಾ, ಪೂರ್ತಿ ಕಂದಾಯದ ಸಾಗು, ಉಂಬಳಿ ಎಂಬ ಮಾತುಗಳೋ ಆ ನೆಲ ನಮ್ಮ ಕೈಯಲ್ಲಿ ಯಾವ ಬಗೆಯಿಂದ ನಿಂತಿದೆ ಎಂಬುದನ್ನು ಹೇಳುತ್ತವೆ. ‘ಜನ್ಮ’ದಿಂದ ಬಂದ ಆ ಜಮ್ಮಾ ಎಂಬ ಪದವೇ ಇಂಗ್ಲಿಷರ ಹಳೆಯ ಎಸ್ಟೇಟಿಗೆ ಅತಿ ಹತ್ತಿರದ್ದು, ಬಿಳಿಯ ದೊರೆಗಳ ಕಾಫಿ ತೋಟವಲ್ಲ ಎಂದು ನನಗೆ ತೋರುತ್ತದೆ. 1834ರಲ್ಲಿ ಕೊಡಗು ಕಂಪನಿಯ ವಶವಾಗಿ, ಆಮೇಲೆ ಬಿಳಿಯರು ಅಲ್ಲಿ ಕಾಫಿ ಹಾಕಿದಾಗ, ದೊಡ್ಡ ಜಮೀನು ಎಂಬ ಒಂದು ಅರ್ಥ ಮಾತ್ರ ಬೆಟ್ಟ ಹತ್ತಿ ಬಂದಿತು. ಅದಕ್ಕೇ ನಮ್ಮ ಮೂರು ಎಕರೆ ಇಂದಿಗೂ ತೋಟ, ಪಕ್ಕದ ಮುನ್ನೂರು ಎಕರೆ ಎಸ್ಟೇಟ್.

ಸಮಾಜದಲ್ಲಿ ನಿಂತ ವರ್ಗಕ್ಕೂ ಇದೇ ಹೆಸರು. ಫ್ರಾನ್ಸಿನಲ್ಲಿ ಪಾದ್ರಿಗಳು ಮೊದಲನೆಯ ಎಸ್ಟೇಟ್, ಕುಲೀನರು ಎರಡನೆಯದು, ಉಳಿದ ಜನರೆಲ್ಲ ಮೂರನೆಯದು. 1789ರ ಮೇ 5ರಂದು ವರ್ಸೈಯಲ್ಲಿ ಮೂರೂ ವರ್ಗಗಳ ಸಭೆ ಸೇರಿತು. ಜೂನ್ 17ರಂದು ಮೂರನೆಯ ವರ್ಗ ತಾನೇ ರಾಷ್ಟ್ರೀಯ ಸಭೆ ಎಂದು ಘೋಷಿಸಿತು. ಪತ್ರಿಕೆಗಳನ್ನು ‘ನಾಲ್ಕನೆಯ ಎಸ್ಟೇಟ್’ ಎನ್ನುವುದು ವರ್ಗಗಳನ್ನು ಎಣಿಸುವ ಈ ಪದ್ಧತಿಯಿಂದಲೇ. ನಾವು ಅದನ್ನು ಪ್ರಜಾಪ್ರಭುತ್ವದ ನಾಲ್ಕನೆಯ ಸ್ತಂಭ ಎಂದು ಕರೆದು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಪಕ್ಕ ನಿಲ್ಲಿಸಿದ್ದೇವೆ. ಎಣಿಕೆ ಬೇರೆ, ಸಂಖ್ಯೆ ಒಂದೇ.

ಸತ್ತವರು ಬಿಟ್ಟುಹೋದ ಆಸ್ತಿಯೂ ಸಾಲವೂ ಒಟ್ಟಾಗಿ ಎಸ್ಟೇಟ್. ಮದುವೆಯೂ ಎಸ್ಟೇಟೇ, 1662ರ ಪ್ರಾರ್ಥನಾ ಪುಸ್ತಕ ಅದನ್ನು ಗೌರವದ ಸ್ಥಿತಿ ಎಂದು ಈ ಪದದಿಂದಲೇ ಕರೆಯುತ್ತದೆ. ಹಿಂಭಾಗದಲ್ಲಿ ಸಾಮಾನು ತುಂಬುವಷ್ಟು ಉದ್ದದ ಕಾರಿಗೆ ಎಸ್ಟೇಟ್ ಕಾರ್ ಎಂಬ ಹೆಸರು ಬಂದದ್ದು, ರೈಲಿನಿಂದ ಇಳಿದ ಅತಿಥಿಗಳನ್ನು ಅದು ಜಮೀನಿಗೆ ಒಯ್ಯುತ್ತಿದ್ದ ಕಾರಣ. ಅಮೆರಿಕದವರು ದಾರಿಯ ಇನ್ನೊಂದು ತುದಿಯನ್ನು ಹಿಡಿದು ಅದನ್ನೇ ಸ್ಟೇಷನ್ ವ್ಯಾಗನ್ ಎಂದರು. ಸ್ಟೇಷನ್ ಕೂಡ ಆ ‘ನಿಲ್ಲುವ’ ಧಾತುವಿನದೇ ಮಗು ಎಂದು ತಿಳಿದ ದಿನ ನನಗಾದ ಸಂತೋಷವನ್ನು ನಿಮ್ಮೊಡನೆ ಕುಳಿತೇ ಹೇಳಬೇಕಿತ್ತು.

ಮುಂದಿನ ಪತ್ರದಲ್ಲಿ ಒಂದು ಉಪಕಾರ ಮಾಡಿ. ನಮ್ಮ ಮನೆಯ ಹಳೆಯ ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು, ಹೊಳೆಬದಿಯ ಗದ್ದೆಗೂ ಅದರ ಮೇಲಿನ ಬಾಣೆಗೂ ಎದುರು ಯಾವ ಪದ ಬರೆದಿದ್ದಾರೆ, ಜಮ್ಮಾ ಎಂದೋ ಸಾಗು ಎಂದೋ, ಅಲ್ಲಿರುವ ಅಕ್ಷರಗಳಲ್ಲೇ ಬರೆದು ಕಳುಹಿಸಿ. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ. ನಮ್ಮ ಸಾಲಿನ ಕೊನೆಯ ಮನೆಯವರು ಕಿಟಕಿಯ ಬಳಿ ಕುಂಡದಲ್ಲಿ ಒಂದು ನಿಂಬೆ ಗಿಡ ಇಟ್ಟಿದ್ದಾರೆ. ಈ ಎಸ್ಟೇಟಿನ ಬೆಳೆ ಅದೊಂದೇ ಎಂದು ಅಜ್ಜಿಗೆ ಹೇಳಿ.

ಇಂತಿ ನಿಮ್ಮ ಪ್ರೀತಿಯ ಮಗಳು