ರೂವಿಯ ಟ್ಯಾಕ್ಸಿಯಣ್ಣನಿಗೆ

ಮಸ್ಕತ್‌ನ ರೂವಿಯಲ್ಲಿ ಇಗರ್ಜಿಯಿಂದ ನಮ್ಮನ್ನು ಮನೆಗೆ ಬಿಟ್ಟ ಟ್ಯಾಕ್ಸಿಯವರಿಗೆ ಮಂಗಳೂರಿನಿಂದ ಈ ಥ್ಯಾಂಕ್ಸ್.

2025ರ ಮಾರ್ಚ್. ರಂಜಾನೂ ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲವೂ ಒಟ್ಟಿಗೇ ಬಂದಿದ್ದವು. ಅಲ್ಲಿ ಆದಿತ್ಯವಾರ ಕೆಲಸದ ದಿನ, ಹಾಗಾಗಿ ಶುಕ್ರವಾರದ ಪೂಜೆಗೇ ಜನ ಜಾಸ್ತಿ. ರಂಜಾನ್ ಹಗಲಲ್ಲಿ ಹೊರಗೆ ಯಾರೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಮಂಗಳೂರಿನ ಬಿಜೈಯಿಂದ ಬಂದಿದ್ದ ಅಪ್ಪ ನಮಗಿಂತ ಕಟ್ಟುನಿಟ್ಟು. ಶುಗರ್ ಕಾಯಿಲೆಯವರು, ಸಕ್ಕರೆ ಇಳಿದರೆ ತಿನ್ನಲೆಂದು ಜೇಬಲ್ಲಿಟ್ಟಿದ್ದ ಚಾಕಲೇಟನ್ನೂ ಮುಟ್ಟಲಿಲ್ಲ.

ಟ್ಯಾಕ್ಸಿಯಲ್ಲಿ ಅವರ ಹಣೆ ಬೆವರಿತು, ಬೆರಳು ನಡುಗತೊಡಗಿದವು. ಕನ್ನಡಿಯಲ್ಲಿ ಅದನ್ನು ಮೊದಲು ಕಂಡದ್ದು ನೀವೇ. ಗಾಡಿಯನ್ನು ಕಟ್ಟಡದ ಹಿಂದಕ್ಕೆ ತಿರುಗಿಸಿ, ಗಾಜಿಗೆ ಬಿಸಿಲು ತಡೆಯುವ ರಟ್ಟು ಅಡ್ಡ ಇಟ್ಟು, ಸಂಜೆ ಉಪವಾಸ ಬಿಡಲು ಇಟ್ಟುಕೊಂಡಿದ್ದ ಖರ್ಜೂರದ ಡಬ್ಬಿಯನ್ನೇ ಅಪ್ಪನ ಕೈಗಿತ್ತಿರಿ. "ಬೀಮಾರ್ ಕೋ ಮಾಫ್ ಹೈ ಬಾಬಾ" (ಕಾಯಿಲೆಯವರಿಗೆ ಮಾಫಿ ಇದೆ ಬಾಬಾ) ಎಂದು ಹೇಳಿ, ಅವರಿಗೆ ಮುಜುಗರ ಆಗದಿರಲೆಂದು ಹೊರಗೆ ಬಿಸಿಲಲ್ಲಿ ಬೆನ್ನು ತಿರುಗಿಸಿ ನಿಂತಿರಿ. ಬಾಡಿಗೆ ಮಾತ್ರ ತೆಗೆದುಕೊಂಡಿರಿ, ಮೇಲೆ ಒಂದು ಪೈಸೆಯೂ ಬೇಡವೆಂದಿರಿ.

ನೀವು ಕನ್ನಡ ಓದುವವರಲ್ಲ, ಗೊತ್ತು. ರೂವಿಯಲ್ಲಿ ನಮ್ಮೂರಿನವರಿಗೇನು ಬರವೇ? ಯಾರಾದರೂ ಹೇಳಿಯಾರು: ಅಪ್ಪ ಹುಷಾರಾಗಿದ್ದಾರೆ, ಖರ್ಜೂರದ ಡಬ್ಬಿಯಲ್ಲಿ ಈಗ ಮಾತ್ರೆ ಇಟ್ಟುಕೊಳ್ಳುತ್ತಾರೆ.